ಕಾವೇರಿಯ ನಗು, ಕಲ್ಪನಾ ಅವರ ಕೆಲಸ

ಚಿ. ಪುಟ್ಟಿಗೆ,

ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು. ನಾನು, ದೊಡ್ಡಪ್ಪ ಇಬ್ಬರೂ ಕ್ಷೇಮ.

ನೀನು ಕಳಿಸಿದ ವಿಡಿಯೊ ನೋಡಿದೆ. ‘ಶರಪಂಜರ’ದ ಕಾವೇರಿಯ ಹಾಗೆ ಕೂದಲು ಬಿಟ್ಟುಕೊಂಡು, ಕಣ್ಣು ಅಗಲ ಮಾಡಿ ಜೋರಾಗಿ ನಕ್ಕಿದ್ದೀಯ. ಹಿಂದಿನಿಂದ ನಿನ್ನ ಗೆಳತಿಯರೂ ನಗುವುದು ಕೇಳಿಸಿತು. ನೀನು ಕಲ್ಪನಾ ಅವರನ್ನು ಇಷ್ಟೊಂದು ಮೆಚ್ಚಿಕೊಂಡಿರುವುದು ನನಗೆ ತುಂಬಾ ಖುಷಿ. ನಮ್ಮ ಕಾಲದ ನಟಿಯನ್ನು ನಿನ್ನ ವಯಸ್ಸಿನವರು ಹುಡುಕಿಕೊಂಡು ನೋಡುತ್ತಾರೆ ಅಂದರೆ ಸಣ್ಣ ಮಾತಲ್ಲ. ಆದರೂ ಆ ನಗು ಕೇಳಿ ನನಗೆ ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಯಾಕೆ ಅಂತ ಹೇಳುತ್ತೇನೆ.

‘ಶರಪಂಜರ’ 1971ರ ಸಿನಿಮಾ. ಬಾಣಂತನದಲ್ಲಿ ಮನಸ್ಸು ಕೆಟ್ಟು, ಗುಣವಾಗಿ ಮನೆಗೆ ಬಂದರೂ ಸುತ್ತಲಿನವರ ಅನುಮಾನಕ್ಕೆ ಮತ್ತೆ ಕುಸಿಯುವ ಕಾವೇರಿ, ಕಲ್ಪನಾ ಮಾಡಿದ ಪಾತ್ರ. ನಮ್ಮೂರಿನ ಟೆಂಟಿಗೆ ಬರುವ ಹೊತ್ತಿಗೆ ಒಂದು ವರ್ಷ ಕಳೆದಿತ್ತು. ನನಗಾಗ ಹತ್ತು ಹನ್ನೊಂದು ವರ್ಷ. ಹೆಂಗಸರ ಕಡೆ ನೆಲದ ಮೇಲೆ ಅಮ್ಮನ ತೊಡೆಗೆ ಒರಗಿ ಕೂತಿದ್ದೆ. ರೀಲು ಬದಲಾಯಿಸುವಾಗ ದೀಪ ಹಾಕುತ್ತಿದ್ದರು. ದೀಪ ಬಂದಾಗ ನೋಡಿದರೆ ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಳು. ಅಕ್ಕಪಕ್ಕದವರೂ ಅಷ್ಟೇ. ಕಡಲೆಕಾಯಿ ಮಾರುವ ಹುಡುಗ ಬಂದರೂ ಯಾರೂ ತಲೆ ಎತ್ತಲಿಲ್ಲ.

ಅಮ್ಮ ಅತ್ತಿದ್ದು ಬರೀ ಕಾವೇರಿಗಾಗಿ ಅಲ್ಲ. ನಮ್ಮ ಮನೆಯಲ್ಲೂ ಒಬ್ಬಳು ಕಾವೇರಿ ಇದ್ದಳು. ನಮ್ಮ ಚಿಕ್ಕಮ್ಮ. ಬಾಣಂತನದಲ್ಲಿ ಅವಳಿಗೆ ಮನಸ್ಸು ಕೆಟ್ಟಿತ್ತು. ಆಸ್ಪತ್ರೆಗೆ ಹೋಗಿ ಗುಣವಾಗಿಯೇ ಬಂದಿದ್ದಳು. ಆದರೆ ಅವಳು ಸ್ವಲ್ಪ ಜೋರಾಗಿ ಮಾತಾಡಿದರೂ ಮನೆಯವರೆಲ್ಲ ಮುಖ ಮುಖ ನೋಡಿಕೊಳ್ಳುತ್ತಿದ್ದರು. ಹಿತ್ತಲ ಕೋಣೆಯೇ ಅವಳ ಪಾಲಿಗೆ. ಮಕ್ಕಳು ಅತ್ತ ಹೋಗಬಾರದು ಅಂತ ನಮಗೆ ಕಟ್ಟಪ್ಪಣೆ. ಸಿನಿಮಾ ನೋಡಿ ಬಂದ ಮಾರನೆ ದಿನ ನಿನ್ನ ಅಜ್ಜಿ ಎಣ್ಣೆ ಬಟ್ಟಲು, ಬಾಚಣಿಗೆ ತಗೊಂಡು ಆ ಕೋಣೆಗೆ ಹೋದಳು. ಚಿಕ್ಕಮ್ಮನ ತಲೆಗೆ ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ, ಜಡೆ ಹಾಕಿದಳು. ಇಬ್ಬರೂ ಒಂದು ಮಾತೂ ಆಡಲಿಲ್ಲ. ನಾನು ಬಾಗಿಲ ಸಂದಿಯಿಂದ ನೋಡುತ್ತಾ ನಿಂತಿದ್ದೆ. ಅವತ್ತಿನಿಂದ ಚಿಕ್ಕಮ್ಮ ನಮ್ಮ ಜೊತೆ ಪಂಕ್ತಿಯಲ್ಲಿ ಕೂತು ಊಟ ಮಾಡತೊಡಗಿದಳು.

ಕಲ್ಪನಾ ಅವರನ್ನು ನಾನು ಮೆಚ್ಚಿದ್ದು ಅಲ್ಲಿಂದ.

ಅದಕ್ಕೇ ಹೇಳುತ್ತೇನೆ ಪುಟ್ಟಿ, ಕೊನೆಯ ನಗುವೊಂದನ್ನೇ ಕಿತ್ತು ತೆಗೆದು ಆಡಬೇಡ. ಆ ನಗುವಿಗೆ ಮೊದಲು ಎಷ್ಟು ಕೆಲಸ ಆಗಿದೆ ಅಂತ ನೋಡು. ಆಸ್ಪತ್ರೆಯಿಂದ ಮನೆಗೆ ಬಂದ ಕಾವೇರಿಯನ್ನು ಇನ್ನೊಂದು ಸಲ ಗಮನಿಸು. ನಗಬೇಕೋ ಬೇಡವೋ, ಕೇಳಬೇಕೋ ಬೇಡವೋ ಅನ್ನುವ ಹಿಂಜರಿಕೆ ಆ ಮುಖದಲ್ಲಿದೆ. ತಾನು ಸರಿಯಾಗಿದ್ದೇನೆ ಅಂತ ತೋರಿಸಲು ಅವಳು ಪಡುವ ಪಾಡಿದೆಯಲ್ಲ, ನಿಜವಾದ ನಟನೆ ಅಲ್ಲಿದೆ. ಅದನ್ನು ಮಾಡಿ ವಿಡಿಯೊ ಕಳಿಸು ನೋಡೋಣ. ಕಷ್ಟ ಇದೆ.

ಆಮೇಲೆ ‘ಬೆಳ್ಳಿ ಮೋಡ’ ನೋಡು. ಅದು 1967ರದ್ದು, ಕಪ್ಪು ಬಿಳುಪು. ಪುಟ್ಟಣ್ಣ ಕಣಗಾಲರು ಕನ್ನಡದಲ್ಲಿ ನಿರ್ದೇಶಿಸಿದ ಮೊದಲ ಚಿತ್ರ. ಅದರಲ್ಲಿ ಕಲ್ಪನಾ ಮಾಡಿದ ಇಂದಿರಾ, ಸಾಹುಕಾರರೊಬ್ಬರ ಒಬ್ಬಳೇ ಮಗಳು. ಅವಳನ್ನು ಮದುವೆಯಾಗುತ್ತೇನೆ ಅಂತ ಒಪ್ಪಿ, ಅವಳಪ್ಪನ ದುಡ್ಡಲ್ಲಿ ವಿದೇಶಕ್ಕೆ ಓದಲು ಹೋಗುತ್ತಾನೆ ಮೋಹನ. ಅಷ್ಟರಲ್ಲಿ ಇಂದಿರೆಗೆ ತಮ್ಮ ಹುಟ್ಟುತ್ತಾನೆ, ಆಸ್ತಿ ಕೈತಪ್ಪುತ್ತದೆ. ವಾಪಸ್ ಬಂದವನ ಪ್ರೀತಿಯೂ ಕರಗುತ್ತದೆ. ಮುಂದೆ ಅವನು ಪೆಟ್ಟು ಬಿದ್ದು ಮಲಗಿದಾಗ ಅವಳೇ ಆರೈಕೆ ಮಾಡುತ್ತಾಳೆ. ಆಗ ಅವನಿಗೆ ಬುದ್ಧಿ ಬಂದು, ಮದುವೆಯಾಗೋಣ ಅನ್ನುತ್ತಾನೆ. ಅವಳು ಬೇಡ ಅನ್ನುತ್ತಾಳೆ. ಆ ಕಾಲದ ಹುಡುಗಿಯರಿಗೆ ಹಾಗೆ ‘ಬೇಡ’ ಅಂದವಳನ್ನು ನೋಡುವುದೇ ಹೊಸದು, ಅಲ್ವಾ?

‘ಎರಡು ಕನಸು’ ಕೂಡ ಬಿಡಬೇಡ. ಗಂಡನ ಮನಸ್ಸಿನಲ್ಲಿ ಬೇರೆಯವಳು ಇದ್ದಾಳೆ ಅಂತ ಗೊತ್ತಿದ್ದೂ ಕಾಯುವ ಗೌರಿಯ ಪಾತ್ರ. ರಾಜ್‌ಕುಮಾರ್ ಎದುರಿಗೆ ನಿಂತು ಸುಮ್ಮನಿರುವುದರಲ್ಲೇ ಗೆಲ್ಲುತ್ತಾರೆ. ಗೌರಿಯ ತಾಳ್ಮೆ ನಿನಗೆ ಸಿಟ್ಟು ತರಿಸಬಹುದು. ನನಗೂ ಈಗ ತರಿಸುತ್ತದೆ. ಪಾತ್ರವನ್ನು ಒಪ್ಪದೆಯೂ ನಟಿಯನ್ನು ಮೆಚ್ಚಬಹುದು. ಹಾಗೆಯೇ ಅವರ ಎಲ್ಲಾ ಸಿನಿಮಾಗಳನ್ನೂ ಹೊಗಳಬೇಕು ಅಂತಲೂ ಇಲ್ಲ. ‘ಶರಪಂಜರ’ದ ಆಮೇಲೆ ಕೆಲವು ಕಡೆ ಅವರ ಅಭಿನಯ ಜೋರಾಯಿತು ಅಂತ ನನಗನ್ನಿಸುತ್ತದೆ.

ಇನ್ನೊಬ್ಬರನ್ನೂ ನೀನು ತಿಳಿದಿರಬೇಕು. ಕಲ್ಪನಾ ಅವರಿಗೆ ಮೂರು ಸಲ ಶ್ರೇಷ್ಠ ನಟಿ ರಾಜ್ಯ ಪ್ರಶಸ್ತಿ ಬಂತು. ‘ಬೆಳ್ಳಿ ಮೋಡ’, ‘ಹಣ್ಣೆಲೆ ಚಿಗುರಿದಾಗ’, ‘ಶರಪಂಜರ’. ಮೂರೂ ತ್ರಿವೇಣಿಯವರ ಕಾದಂಬರಿಗಳು. ಬಾಣಂತಿಯ ಮನಸ್ಸಿನ ನೋವನ್ನು ಅಷ್ಟು ಬಿಡಿಸಿ ಬರೆದ ಆ ತಾಯಿ 1963ರಲ್ಲಿ, ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಇದರಲ್ಲಿ ಒಂದು ಸಿನಿಮಾವನ್ನೂ ಅವರು ನೋಡಲಿಲ್ಲ. ಅದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಫೋನಿನಲ್ಲಿ ನೀನು ಕಲ್ಪನಾ ಅವರ ಸಾವಿನ ಬಗ್ಗೆ ಕೇಳಿದ್ದೆ. ‘ನಿಜ ಜೀವನದಲ್ಲೂ ಕಾವೇರಿ ಥರಾನೇ ಇದ್ರಂತೆ ಹೌದಾ ದೊಡ್ಡಮ್ಮ?’ ಅಂದೆ. ಆಗ ನಾನು ಮಾತು ಹಾರಿಸಿದೆ, ತಪ್ಪಾಯಿತು. ಅವರು 1979ರ ಮೇ 12ರಂದು ಸಂಕೇಶ್ವರದ ಹತ್ತಿರ ಗೋಟೂರಿನಲ್ಲಿ ತೀರಿಕೊಂಡರು. ಆಗ ನಾಟಕ ಆಡುತ್ತಾ ಆ ಕಡೆ ಹೋಗಿದ್ದರು. ಇನ್ನೂ 36 ತುಂಬಿರಲಿಲ್ಲ. ಅಲ್ಲಿ ಏನಾಯಿತು ಅಂತ ಜನ ಬಾಯಿಗೆ ಬಂದಂತೆ ಆಡಿದರು, ಇವತ್ತಿಗೂ ಆಡುತ್ತಾರೆ. ನೀನು ಆ ಮಾತಿಗೆ ಕಿವಿಗೊಡಬೇಡ. ಕಾವೇರಿಯನ್ನು ಬರೆದವರು ತ್ರಿವೇಣಿ. ಕಲ್ಪನಾ ಬೆಳಿಗ್ಗೆ ಬಂದು ಬಣ್ಣ ಹಚ್ಚಿಕೊಂಡು, ಮಾತು ಕಲಿತು, ದೀಪಗಳ ಬಿಸಿಯಲ್ಲಿ ನಿಂತು ಅವಳನ್ನು ಆಡಿ ತೋರಿಸಿದವರು. ಅಷ್ಟು ದುಡಿದವರನ್ನು ‘ಅವರು ಇದ್ದದ್ದೇ ಹಾಗೆ’ ಅಂದುಬಿಟ್ಟರೆ ಆ ಕೆಲಸಕ್ಕೆ ಬೆಲೆ ಎಲ್ಲಿ ಬಂತು? ನಮ್ಮ ಚಿಕ್ಕಮ್ಮನ ಬೆನ್ನ ಹಿಂದೆಯೂ ಜನ ಹೀಗೇ ಪಿಸುಗುಡುತ್ತಿದ್ದರು.

ವಿಡಿಯೊ ಅಳಿಸಿಹಾಕು ಅಂತ ನಾನು ಹೇಳುವುದಿಲ್ಲ, ನೀನೇ ಯೋಚಿಸು. ರಜೆಗೆ ಬಂದಾಗ ‘ಗೆಜ್ಜೆ ಪೂಜೆ’ ಒಟ್ಟಿಗೆ ನೋಡೋಣ. ‘ಗಗನವು ಎಲ್ಲೋ’ ಹಾಡು ಬಂದಾಗ ನಾನು ಮಾತಾಡುವುದಿಲ್ಲ, ನೀನೂ ಮಾತಾಡಬಾರದು. ‘ಶರಪಂಜರ’ ಕಾದಂಬರಿ ನನ್ನ ಹತ್ತಿರ ಇದೆ. ರಟ್ಟು ಹರಿದಿದೆ, ಹೊಸದಾಗಿ ಬೈಂಡ್ ಮಾಡಿಸಿ ಇಟ್ಟಿರುತ್ತೇನೆ. ಅಮ್ಮನಿಗೆ ನಾನು ಕೇಳಿದೆ ಅಂತ ಹೇಳು.

ಇಂತಿ ನಿನ್ನ ಪ್ರೀತಿಯ,
ದೊಡ್ಡಮ್ಮ