ಪಿಎಚ್‌ಡಿ ಫೈಲು ಝೆರಾಕ್ಸ್ ಅಂಗಡಿಯಲ್ಲಿದೆ, ಕೀಲಿ ಯಾರ ಹತ್ತಿರ?

ಮಾನ್ಯ ಸಂಪಾದಕರೇ,

ಕಳೆದ ವಾರ ಪ್ರಬಂಧದ ಎರಡು ಅಧ್ಯಾಯ ಪ್ರಿಂಟ್ ತೆಗೆಸಲು ಕಾಲೇಜಿನ ಹತ್ತಿರದ ಝೆರಾಕ್ಸ್ ಅಂಗಡಿಗೆ ಹೋಗಿದ್ದೆ. ಅಲ್ಲಿನ ಕಂಪ್ಯೂಟರ್ ತೆರೆದರೆ ಪರದೆ ತುಂಬ ಫೋಲ್ಡರ್‌ಗಳು. ಒಂದೊಂದಕ್ಕೂ ಒಬ್ಬೊಬ್ಬರ ಹೆಸರು, ಪಕ್ಕದಲ್ಲಿ 'ಫೈನಲ್', 'ಫೈನಲ್ ಹೊಸದು', 'ಇದೇ ಫೈನಲ್'. ಅದರಲ್ಲಿ ನನ್ನದೂ ಒಂದಿತ್ತು, ಮೂರು ವರ್ಷ ಹಳೆಯದು. ತೆಗೆದು ನೋಡಿದರೆ ಬರೀ ಬರಹ ಇರಲಿಲ್ಲ, ಪ್ರಯೋಗದ ಅಂಕಿಗಳ ಎಕ್ಸೆಲ್ ಫೈಲೂ ಕೂತಿತ್ತು. ಅವತ್ತು ಅವಸರದಲ್ಲಿ ಪೆನ್‌ಡ್ರೈವ್‌ನಿಂದ ಇಡೀ ಫೋಲ್ಡರನ್ನೇ ಎಳೆದು ಹಾಕಿದ್ದೆ ಅಂತ ಕಾಣುತ್ತದೆ. ಇದನ್ನು ಡಿಲೀಟ್ ಮಾಡಪ್ಪ ಅಂದೆ. "ಇರ್ಲಿ ಬಿಡ್ರೀ ಸರ, ಮುಂದ ಮತ್ತ ಬೇಕಾಗ್ತೈತಿ" ಅಂದ ಅಂಗಡಿ ಹುಡುಗ. ಅವನನ್ನು ಏನನ್ನೋದು, ಪ್ರೀತಿಯಿಂದಲೇ ಹೇಳಿದ.

ನಾನು ಕಾರ್ಬನ್ ಫೈಬರ್ ಮೇಲೆ ಕೆಲಸ ಮಾಡುವವನು. ಹಗುರ ಇರಬೇಕು, ಮುರಿಯಬಾರದು, ಅಷ್ಟೇ ನಮ್ಮ ಗೋಳು. ಡ್ರೋನ್ ರೆಕ್ಕೆಗೂ ಅದು ಬೇಕು, ಸೈಕಲ್‌ಗೂ ಬೇಕು. ವಿದೇಶಿಯರು ನಮ್ಮ ವಿಶ್ವವಿದ್ಯಾಲಯಗಳ ಸಂಶೋಧನೆ ಕದಿಯುತ್ತಾರೆ ಅನ್ನೋ ಮಾತು ಬಂದಾಗಲೆಲ್ಲ ನಮ್ಮ ಜನ ಗೂಢಚಾರರು, ಹನಿಟ್ರ್ಯಾಪ್ ಅಂತಲೇ ಶುರು ಮಾಡುತ್ತಾರೆ. ಅದು ಸುಳ್ಳೇನಲ್ಲ. 2023ರಲ್ಲಿ ಇಲ್ಲೇ ಪಕ್ಕದ ಪುಣೆಯಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ವಿಜ್ಞಾನಿಯೊಬ್ಬರನ್ನು ಭಯೋತ್ಪಾದನಾ ನಿಗ್ರಹ ದಳ (ಎಟಿಎಸ್) ಬಂಧಿಸಿದ್ದು ಎಲ್ಲರಿಗೂ ನೆನಪಿರಬೇಕು. ಆದರೆ ನಮ್ಮಂಥವರ ಡೇಟಾ ಬೇಕಾದವರಿಗೆ ಅಷ್ಟೆಲ್ಲ ಕಷ್ಟ ಯಾಕೆ? ಒಂದು ಪೆನ್‌ಡ್ರೈವ್, ಝೆರಾಕ್ಸಿಗೆ ಹತ್ತು ರೂಪಾಯಿ ಸಾಕು.

ಬೆಳಗಾವಿಯಲ್ಲಿ ಕದಿಯೋಕೆ ಏನಿದೆ ಅಂತ ನಗಬೇಡಿ. 1998ರಿಂದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) ಇರುವುದೇ ಇಲ್ಲಿ. ಉದ್ಯಮಬಾಗದ ಫೌಂಡ್ರಿಗಳು ಇವೆ, ಹತ್ತರಗಿಯಲ್ಲಿ ವಿಮಾನದ ಬಿಡಿಭಾಗ ತಯಾರಾಗುತ್ತವೆ. ಅತ್ತ ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯ ಇದೆ. ದಾಳಿಂಬೆಗೆ ಬರುವ ದುಂಡಾಣು ಅಂಗಮಾರಿ ರೋಗಕ್ಕೆ ತಡೆ ಇರುವ ತಳಿ ಯಾರಿಗಾದರೂ ಸಿಕ್ಕರೆ ಅದರ ಬೆಲೆ ಎಷ್ಟು ಅಂತ ಬೆಳೆಗಾರರನ್ನೇ ಕೇಳಿ.

ಕಳ್ಳತನ ಹೇಗೆ ನಡೆಯುತ್ತದೆ ಅನ್ನೋದಕ್ಕೆ ಒಂದು ಉದಾಹರಣೆ. 2018ರ ಮಾರ್ಚ್‌ನಲ್ಲಿ ಅಮೆರಿಕ ಸರ್ಕಾರ ಇರಾನಿನ ಒಂಬತ್ತು ಜನರ ಮೇಲೆ ಆರೋಪ ಹೊರಿಸಿತು. 22 ದೇಶಗಳ ಸುಮಾರು 320 ವಿಶ್ವವಿದ್ಯಾಲಯಗಳಿಂದ 31 ಟೆರಾಬೈಟ್‌ಗಿಂತ ಜಾಸ್ತಿ ಮಾಹಿತಿ ಎತ್ತಿದ್ದಾರೆ ಅನ್ನೋದು ಆರೋಪ. ಲಕ್ಷ ಪ್ರಾಧ್ಯಾಪಕರಿಗೆ ಗಾಳ ಹಾಕಿದ್ದರಂತೆ, ಸುಮಾರು 8,000 ಜನ ಸಿಕ್ಕಿಬಿದ್ದರು. ಗಾಳ ಯಾವುದು ಗೊತ್ತಾ? ಹೊಗಳಿಕೆ! ಬೇರೆ ವಿಶ್ವವಿದ್ಯಾಲಯದ ಪ್ರೊಫೆಸರ್ ಬರೆದ ಹಾಗೆ ಒಂದು ಮೇಲ್, ನಿಮ್ಮ ಲೇಖನ ಓದಿದೆ, ಬಹಳ ಚೆನ್ನಾಗಿದೆ, ಈ ಲಿಂಕ್‌ನಲ್ಲಿರುವುದನ್ನೂ ನೋಡಿ ಅಂತ. ಒತ್ತಿದರೆ ತಮ್ಮದೇ ವಿಶ್ವವಿದ್ಯಾಲಯದ ಲಾಗಿನ್ ಪುಟದಂತೆ ಕಾಣುವ ಪುಟ. ಪಾಸ್‌ವರ್ಡ್ ಹಾಕಿದಿರೋ, ಮುಗಿಯಿತು.

ನನಗೂ ಅಂಥದ್ದೊಂದು ಮೇಲ್ ಬಂದಿತ್ತು. ನನ್ನ ಲೇಖನವನ್ನು ನನ್ನ ಗೈಡ್ ಬಿಟ್ಟರೆ ಇನ್ನೊಬ್ಬರು ಓದಿದ್ದಾರೆ ಅನ್ನೋ ಖುಷಿಗೆ ಅರ್ಧ ಪಾಸ್‌ವರ್ಡ್ ಟೈಪ್ ಮಾಡಿಯೇಬಿಟ್ಟಿದ್ದೆ, ಅಷ್ಟರಲ್ಲಿ ಕರೆಂಟ್ ಹೋಯಿತು. ಜೀವನದಲ್ಲಿ ಮೊದಲ ಸಲ ಕರೆಂಟ್ ಹೋಗಿದ್ದಕ್ಕೆ ಕೈ ಮುಗಿದೆ. ಆಮೇಲೆ ನೋಡಿದರೆ ವಿಳಾಸದಲ್ಲಿ ಒಂದು ಅಕ್ಷರ ಹೆಚ್ಚಿತ್ತು. ಇದನ್ನು ಯಾರಿಗೆ ತಿಳಿಸಬೇಕು ಅಂತ ವಿಭಾಗದಲ್ಲಿ ಕೇಳಿದೆ. "ಡಿಲೀಟ್ ಮಾಡಿ ಸುಮ್ನಿರ್ರಿ" ಅಂದರು. ಆದರೆ 2022ರಲ್ಲಿ ಸೈಬರ್ ದಾಳಿಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ಆದೇಶದ ಪ್ರಕಾರ ಇಂಥ ಸೈಬರ್ ಘಟನೆಗಳನ್ನು ಸಂಸ್ಥೆಗಳು ಆರು ಗಂಟೆಯೊಳಗೆ ತಿಳಿಸಬೇಕು. ಆರು ಗಂಟೆ! ನಮ್ಮಲ್ಲಿ ಒಂದು ರಜಾ ಅರ್ಜಿ ಈ ಟೇಬಲ್‌ನಿಂದ ಆ ಟೇಬಲ್‌ಗೆ ಹೋಗೋಕೂ ಅಷ್ಟು ಸಾಲದು.

ಇನ್ನು ಕಾನೂನಿನ ಮಾತು. ಸ್ಕೊಮೆಟ್ ಅಂತ ಕೇಂದ್ರ ಸರ್ಕಾರದ ಒಂದು ಪಟ್ಟಿ ಇದೆ. ಸೇನೆಗೂ ಬಳಕೆಯಾಗಬಹುದಾದ ವಸ್ತು, ಉಪಕರಣ, ತಂತ್ರಜ್ಞಾನವೆಲ್ಲ ಅದರಲ್ಲಿ ಬರುತ್ತವೆ. ಆ ಪಟ್ಟಿಯ ತಂತ್ರಜ್ಞಾನವನ್ನು ಹೊರದೇಶಕ್ಕೆ ಮೇಲ್ ಮಾಡಿದರೂ ಅದು ರಫ್ತು, ಲೈಸೆನ್ಸ್ ಬೇಕು. ಬೀಜ, ಗಿಡ, ಸೂಕ್ಷ್ಮಜೀವಿಗಳಿಗೆ 2002ರ ಜೀವವೈವಿಧ್ಯ ಕಾಯ್ದೆ ಇದೆ. ಸರ್ಕಾರ ಒಪ್ಪಿದ ಜಂಟಿ ಯೋಜನೆಗಳ ಮಾತು ಬೇರೆ, ಉಳಿದಂತೆ ವಿದೇಶಿಯರು ಚೆನ್ನೈನ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಒಪ್ಪಿಗೆ ಇಲ್ಲದೆ ಅವನ್ನು ಒಯ್ಯುವಂತಿಲ್ಲ. ಇದನ್ನೆಲ್ಲ ನಾನು ನಾನಾಗಿಯೇ ಹುಡುಕಿ ಓದಿದ್ದು. ಕೋರ್ಸ್‌ವರ್ಕ್‌ನಲ್ಲಿ ಒಬ್ಬರೂ ಒಂದು ಮಾತು ಹೇಳಲಿಲ್ಲ. ಅಲ್ಲಿ ಹೇಳಿಕೊಟ್ಟಿದ್ದೆಲ್ಲ ಕೃತಿಚೌರ್ಯ, ಇಷ್ಟು ಪರ್ಸೆಂಟ್ ದಾಟಬಾರದು, ಅಷ್ಟು ದಾಟಬಾರದು ಅಂತ. ನಾನು ಕದ್ದಿದ್ದೀನಾ ಅಂತ ನೋಡೋಕೆ ಸಾಫ್ಟ್‌ವೇರ್ ಇದೆ, ನನ್ನದನ್ನು ಯಾರಾದರೂ ಕದ್ದರಾ ಅಂತ ಕೇಳೋಕೆ ಒಂದು ನರಪಿಳ್ಳೆಯೂ ಇಲ್ಲ.

ಹಾಗಂತ ನಾಳೆಯೇ ಒಂದು ಸುತ್ತೋಲೆ ಹೊರಡಿಸಿ ಎಲ್ಲದಕ್ಕೂ ದೆಹಲಿಯ ಅನುಮತಿ ಕೇಳಿ ಅನ್ನೋದೂ ಬೇಡ. 2021ರ ಜನವರಿಯಲ್ಲಿ ಹಾಗೇ ಆಯಿತು. ಸರ್ಕಾರಿ ವಿಶ್ವವಿದ್ಯಾಲಯಗಳು ದೇಶದ ಭದ್ರತೆ, ಆಂತರಿಕ ವಿಷಯಗಳ ಮೇಲೆ ಆನ್‌ಲೈನ್ ಅಂತರರಾಷ್ಟ್ರೀಯ ಗೋಷ್ಠಿ ಮಾಡಬೇಕಾದರೆ ಮೊದಲೇ ಒಪ್ಪಿಗೆ ಪಡೀಬೇಕು ಅಂತ ಕೇಂದ್ರ ಶಿಕ್ಷಣ ಸಚಿವಾಲಯದವರು ಅಂದರು. ವಿಜ್ಞಾನಿಗಳು ಗಟ್ಟಿಯಾಗಿ ಕೂಗಿದ ಮೇಲೆ ವಾಪಸ್ ತೆಗೆದುಕೊಂಡರು. ಅನುಮಾನದ ಗತಿ ಏನಾಗುತ್ತದೆ ಅನ್ನೋದಕ್ಕೆ ಇಸ್ರೋದ ನಂಬಿ ನಾರಾಯಣನ್ ಅವರ ಕಥೆ ಸಾಕಲ್ವಾ? 1994ರಲ್ಲಿ ಗೂಢಚಾರ ಅಂತ ಹಿಡಿದರು. ಸುಪ್ರೀಂ ಕೋರ್ಟ್ 50 ಲಕ್ಷ ಪರಿಹಾರ ಕೊಡಿ ಅಂದಿದ್ದು 2018ರಲ್ಲಿ. 24 ವರ್ಷ! ನಮ್ಮ ಊರಿಗೆ ಮಲೇಷ್ಯಾದಿಂದ ಬಂದು ವೈದ್ಯಕೀಯ ಓದಿದ ಹುಡುಗರಿದ್ದಾರೆ, ಕುಂದಾ ತಿಂದು ನಮ್ಮವರೇ ಆಗಿ ಹೋದರು. ಅಂಥವರ ಮುಖ ನೋಡಿ ಅನುಮಾನ ಪಡುವ ಮೊದಲು ನಮ್ಮ ಲ್ಯಾಬಿನ ಮಾನಿಟರ್ ನೋಡಿ. ಅದರ ಅಂಚಿಗೆ ಸೆಲ್ಲೋಟೇಪ್ ಹಾಕಿ ಪಾಸ್‌ವರ್ಡ್ ಅಂಟಿಸಿದ್ದಾರೆ, ಐದು ಜನರಿಗೆ ಒಂದೇ.

ನಾನು ಕೇಳೋದು ಸ್ವಲ್ಪವೇ. ವಿಭಾಗಕ್ಕೊಂದು ಪ್ರಿಂಟರ್ ಕೊಡಿ, ಕೆಟ್ಟರೆ ಅದೇ ವಾರ ರಿಪೇರಿ ಮಾಡಿಸಿ. ಡೇಟಾ ಇಡೋಕೆ ವಿಶ್ವವಿದ್ಯಾಲಯದ್ದೇ ಜಾಗ ಕೊಡಿ, ಈಗ ನಾವು ಪುಕ್ಕಟೆ ಜಿಮೇಲ್‌ನಲ್ಲಿ ತುಂಬುತ್ತಿದ್ದೇವೆ, ಅದೂ ತುಂಬಿ ಹೋಗಿದೆ. ಹೊರದೇಶದಿಂದ ಮೇಲ್ ಬಂದರೆ, ಯಾರಾದರೂ ಸ್ಯಾಂಪಲ್ ಕೇಳಿದರೆ, ಕಳಿಸಬಹುದಾ ಅಂತ ವಿಚಾರಿಸೋಕೆ ಒಬ್ಬ ಮನುಷ್ಯ ಇರಲಿ. ಫೋನ್ ಎತ್ತುವ ಮನುಷ್ಯ. ಎಲ್ಲ ಸಂಶೋಧನೆಗೂ ಕಾವಲು ಬೇಕಿಲ್ಲ, ಹಳಗನ್ನಡದ ಮೇಲೆ ಕೆಲಸ ಮಾಡುವವರನ್ನು ಅವರ ಪಾಡಿಗೆ ಬಿಡಿ. ಯಾವುದಕ್ಕೆ ಬೇಕು ಅಂತ ವಿಷಯ ನೋಂದಾಯಿಸುವ ದಿನವೇ ಗೈಡ್ ಜೊತೆ ಕೂತು ನೋಡಿದರೆ ಅರ್ಧ ಗಂಟೆಯ ಕೆಲಸ.

ಅಂದ ಹಾಗೆ ಆ ಹುಡುಗನ ಕೈಯಲ್ಲಿ ಫೋಲ್ಡರ್ ಅಳಿಸಿ ಬಂದೆ. ರೀಸೈಕಲ್ ಬಿನ್‌ನಿಂದಲೂ ತೆಗೆಸಿದೆ. ಬರುವ ತಿಂಗಳು ಸಾರಾಂಶದ ಪ್ರತಿಗಳನ್ನು ಬೈಂಡ್ ಮಾಡಿಸಿ ಒಪ್ಪಿಸಬೇಕು, ವಿಭಾಗದ ಪ್ರಿಂಟರ್ ದೀಪಾವಳಿಯಿಂದ ಕೆಟ್ಟು ಕೂತಿದೆ. ಎಲ್ಲಿ ಪ್ರಿಂಟ್ ತೆಗೆಸಲಿ, ಯಾರಾದರೂ ಹೇಳಿ.

— ಒಬ್ಬ ಸಂಶೋಧನಾ ವಿದ್ಯಾರ್ಥಿ, ಟಿಳಕವಾಡಿ, ಬೆಳಗಾವಿ