ನಕ್ಷೆ ಹೊಲಕ್ಕೂ ಬರಲಿ

ಮಾನ್ಯ ಸಂಪಾದಕರೇ,

ಮಣ್ಣು ಎಲ್ಲಿ ಹೆಚ್ಚು ಕೊಚ್ಚಿಹೋಗುತ್ತದೆ ಎಂದು ತೋರಿಸುವ ಸವಕಳಿ ನಕ್ಷೆಯ ಬಗ್ಗೆ ಈ ಪತ್ರ. ನಮ್ಮದು ಇಳಿಜಾರಿನ ಹೊಲ. ಕೆಳಗೆ ಹಳ್ಳ, ಅದು ಹೋಗಿ ಸೇರುವುದು ನದಿಗೆ. ಹೋದ ವರ್ಷ ಮಳೆಗೆ ಮೊದಲು ಹೊಲದಲ್ಲಿ ಐದು ಕಬ್ಬಿಣದ ಸರಳು ಹೊಡೆದು, ಮಣ್ಣಿನ ಮಟ್ಟಕ್ಕೆ ಬಣ್ಣದ ಗೆರೆ ಎಳೆದಿದ್ದೆ. ಮಳೆಗಾಲ ಮುಗಿದಾಗ ಬೋಳು ನೆಲದಲ್ಲಿದ್ದ ಮೂರು ಸರಳುಗಳ ಬುಡದಲ್ಲಿ ಮಣ್ಣು ಗೆರೆಯಿಂದ 4 ಮಿಲಿಮೀಟರ್ ಕೆಳಗಿಳಿದಿತ್ತು. ಕೊಯ್ಲಿನ ಕಸಕಡ್ಡಿ ಹರಡಿದ್ದ ಕಡೆ ಗೆರೆ ಮಣ್ಣಿಗೆ ಸಮವಾಗಿಯೇ ಇತ್ತು.

4 ಮಿಲಿಮೀಟರ್ ಏನು ಮಹಾ ಅನಿಸಬಹುದು. ಒಂದು ಎಕರೆಯಲ್ಲಿ 1 ಮಿಲಿಮೀಟರ್ ಮಣ್ಣು ಹೋದರೆ ಸುಮಾರು 5 ಟನ್. ನಾಲ್ಕಕ್ಕೆ 20 ಟನ್! ಹೋಗಿದ್ದು ಸಾರವಿರುವ ಮೇಲ್ಮಣ್ಣು. ಅಷ್ಟು ಮಣ್ಣು ಮತ್ತೆ ಹುಟ್ಟಲು ಹತ್ತಾರು ವರ್ಷ ಬೇಕು.

ಆಮೇಲೆ ನಮ್ಮ ಜಲಾನಯನದ, ಅಂದರೆ ಮಳೆನೀರು ಹರಿದು ಒಂದೇ ಹಳ್ಳಕ್ಕೆ ಸೇರುವ ಪ್ರದೇಶದ, ಮಣ್ಣಿನ ಸವಕಳಿ ನಕ್ಷೆ ನೋಡಿದೆ. ಕೆಂಪು ಅಂದರೆ ಅಪಾಯ ಜಾಸ್ತಿ, ಹಸಿರು ಅಂದರೆ ಕಡಿಮೆ. ನಮ್ಮ ಹೊಲಕ್ಕೆ ಹಸಿರು ಬಣ್ಣ. ಪಕ್ಕದಲ್ಲಿ ವರ್ಷವರ್ಷವೂ ಅಗಲವಾಗುತ್ತಿರುವ ಆಳೆತ್ತರದ ಕೊರಕಲಿಗೂ ಹಸಿರೇ. ತುಂಬಾ ಬೇಜಾರಾಯಿತು.

ಓದಿ ನೋಡಿದಾಗ ಕಾರಣ ತಿಳಿಯಿತು. ಇಂಥ ಬಹಳಷ್ಟು ನಕ್ಷೆಗಳ ಹಿಂದೆ ಅಮೆರಿಕದ ವಿಜ್ಞಾನಿಗಳಾದ ವಿಶ್‌ಮಯರ್ ಮತ್ತು ಸ್ಮಿತ್ ರೂಪಿಸಿದ ಸೂತ್ರವಿದೆ. ಮಳೆಯ ಹೊಡೆತ, ಮಣ್ಣಿನ ಗುಣ, ಇಳಿಜಾರಿನ ಉದ್ದ ಮತ್ತು ಕಡಿದಾದ ಪ್ರಮಾಣ, ನೆಲದ ಹೊದಿಕೆ, ಬದುವಿನಂಥ ರಕ್ಷಣೆ, ಈ ಐದನ್ನು ಅದು ಗುಣಿಸುತ್ತದೆ. ಪದರಪದರವಾಗಿ ತೊಳೆದುಹೋಗುವ ಮಣ್ಣು, ಸಣ್ಣ ಗೀರುಗಳಲ್ಲಿ ಹೋಗುವ ಮಣ್ಣು ಅದರ ಲೆಕ್ಕಕ್ಕೆ ಬರುತ್ತದೆ. ದೊಡ್ಡ ಕೊರಕಲು ಬರುವುದೇ ಇಲ್ಲ. ನಕ್ಷೆಯ ಒಂದು ಚೌಕ 30 ಮೀಟರ್ ಇದ್ದರೆ, 900 ಚದರ ಮೀಟರಿಗೆಲ್ಲ ಒಂದೇ ಬಣ್ಣ. ಒಡೆದ ಬದು ಅದರಲ್ಲಿ ಎಲ್ಲಿ ಕಾಣಬೇಕು?

ಹೊದಿಕೆಯ ವಿಷಯ ಇನ್ನೂ ಮುಖ್ಯ. ಅದನ್ನು ಸಾಮಾನ್ಯವಾಗಿ ಉಪಗ್ರಹ ಚಿತ್ರ ನೋಡಿ ಲೆಕ್ಕ ಹಾಕುತ್ತಾರೆ. ಆ ಚಿತ್ರ ಬೆಳೆ ಎದೆಮಟ್ಟ ನಿಂತಾಗ ತೆಗೆದದ್ದಾದರೆ ಹೊಲ ಹಸಿರಾಗಿಯೇ ಕಾಣುತ್ತದೆ. ಆದರೆ ಮೊದಲ ಜೋರು ಮಳೆ ಬೀಳುವುದು ಉತ್ತು ಬಿಟ್ಟ ಬೋಳು ನೆಲದ ಮೇಲಲ್ವಾ? ಹನಿ ಮಣ್ಣನ್ನು ಒಡೆಯುತ್ತದೆ, ಹರಿವ ನೀರು ಹೊತ್ತೊಯ್ಯುತ್ತದೆ. ನಮ್ಮ ಮಣ್ಣು ಹೆಚ್ಚಾಗಿ ಹೋಗುವುದು ಆ ಕೆಲವೇ ವಾರಗಳಲ್ಲಿ.

ನಕ್ಷೆ ಬೇಡ ಅನ್ನುತ್ತಿಲ್ಲ. ಇಡೀ ಜಲಾನಯನವನ್ನು ಸುಮ್ನೆ ಕಾಲ್ನಡಿಗೆಯಲ್ಲಿ ಸುತ್ತಲು ಆಗುವುದಿಲ್ಲ. ಮೊದಲು ಎಲ್ಲಿಗೆ ಹೋಗಬೇಕೆಂದು ನಕ್ಷೆಯೇ ಹೇಳಬೇಕು. ಆದರೆ ಚಿತ್ರ ಯಾವ ತಿಂಗಳಿನದು, ಚೌಕ ಎಷ್ಟು ದೊಡ್ಡದು, ಯಾವುದು ಲೆಕ್ಕಕ್ಕೆ ಬಂದಿಲ್ಲ ಎಂಬುದನ್ನು ಅದರ ಮೂಲೆಯಲ್ಲೇ ಬರೆಯಲಿ. ಅಂತಿಮಗೊಳಿಸುವ ಮೊದಲು ರೈತರ ಜೊತೆ ಹೊಲದಲ್ಲಿ ನಡೆದು ಕೊರಕಲು, ಒಡೆದ ಬದು ಗುರುತಿಸಲಿ. ಮಣ್ಣು ತಡೆಯುವ ಕೆಲಸ ಮೇಲಿನ ದಿಬ್ಬದಿಂದ ಶುರುವಾಗಲಿ. ಮೇಲೆ ಮಣ್ಣು ಜಾರುತ್ತಿರುವಾಗ ಕೆಳಗೆ ತಡೆ ಕಟ್ಟಿದರೆ ಅದು ಹೂಳು ತುಂಬಿಕೊಂಡು ಕೂರುತ್ತದೆ.

ಈ ವರ್ಷವೂ ಸರಳು ಹೊಡೆದಿದ್ದೇನೆ. ನಕ್ಷೆ ಮಾಡುವವರು ಬರಲಿ, ಕೊರಕಲಿನವರೆಗೆ ನಾನೇ ಕರೆದುಕೊಂಡು ಹೋಗುತ್ತೇನೆ.

ಇಂತಿ,
ಇಳಿಜಾರಿನ ಹೊಲದ ರೈತ