ಸಂಶೋಧನೆಗೆ ದುಡ್ಡು ಕಟ್ಟಬೇಕಿಲ್ಲ

ಸಂಪಾದಕರೇ,

ಬೆಂಗಳೂರಿನ ಸರ್ಕಾರಿ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಮಾಡುತ್ತೇನೆ. ಮೊನ್ನೆ ಒಬ್ಬ ಹುಡುಗಿ, ಅವಳ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ್ದು ಅವಳೇ ಮೊದಲು, ‘ಸರ್, ಮೆಷಿನ್ ಲರ್ನಿಂಗ್ ರಿಸರ್ಚ್ ಮಾಡೋಕೆ ಎಷ್ಟು ಕಟ್ಟಬೇಕು?’ ಎಂದು ಕೇಳಿದಳು (ಮಾಹಿತಿ ನೋಡಿ ಕಂಪ್ಯೂಟರೇ ಕಲಿಯುವಂತೆ ಮಾಡುವ ವಿದ್ಯೆ ಅದು). ಕಟ್ಟಬೇಕಿಲ್ಲಮ್ಮ, ಸಂಸ್ಥೆಯವರೇ ದುಡ್ಡು ಕೊಡುತ್ತಾರೆ ಎಂದರೆ ನಂಬಲೇ ಇಲ್ಲ. ಇದೇ ಊರಿನ ಭಾರತೀಯ ವಿಜ್ಞಾನ ಅಕಾಡೆಮಿ ಇನ್ನೆರಡು ಅಕಾಡೆಮಿಗಳ ಜೊತೆ ಸೇರಿ ಕೊಡುವ ಬೇಸಿಗೆ ಫೆಲೋಶಿಪ್‌ನಲ್ಲಿ ಸುಮಾರು 2 ತಿಂಗಳು ವಿಜ್ಞಾನಿಗಳ ಕೈಕೆಳಗೆ ಕೆಲಸ ಕಲಿಯಬಹುದು, ಸ್ಟೈಪೆಂಡ್ ಕೂಡ ಇದೆ. ಒಳ್ಳೆಯ ಲ್ಯಾಪ್‌ಟಾಪ್ ಇಲ್ಲ ಎಂದು ಹಿಂಜರಿಯುವವರೇ ಜಾಸ್ತಿ. ಬ್ರೌಸರ್‌ನಲ್ಲೇ ಪ್ರೋಗ್ರಾಂ ಬರೆದು ಓಡಿಸಬಹುದಾದ ಗೂಗಲ್ ಕೊಲ್ಯಾಬ್‌ನಲ್ಲಿ, ಈ ಕೆಲಸದ ಭಾರಿ ಲೆಕ್ಕಗಳನ್ನು ಬೇಗ ಮಾಡುವ ಚಿಪ್ ಆದ ಜಿಪಿಯು ಒಂದು ಮಿತಿಯೊಳಗೆ ಉಚಿತವಾಗಿಯೇ ಸಿಗುತ್ತದೆ. ಇದನ್ನೆಲ್ಲ ಹೇಳುವವರು ಮನೆಯಲ್ಲಿ ಇಲ್ಲದಿದ್ದಾಗ ಕಾಲೇಜೇ ಹೇಳಬೇಕು ಅಲ್ವಾ? ಅರ್ಜಿ ಕರೆದ ದಿನವೇ ನೋಟಿಸ್ ಬೋರ್ಡಿಗೆ ಕನ್ನಡದಲ್ಲಿ ಹಾಕಿ. ಶಿಫಾರಸು ಪತ್ರ ಕೇಳಿ ಬಂದ ಮಕ್ಕಳನ್ನು ಸುಮ್ನೆ ಅಲೆದಾಡಿಸಬೇಡಿ.

– ಒಬ್ಬ ಉಪನ್ಯಾಸಕ, ಬೆಂಗಳೂರು